ಕೆಂಪಿಯ ಹೆರಿಗೆ

ಹುಲಿಕುಂಟೆ
14 ಜುಲೈ 2024

ಪ್ರೀತಿಯ ಗಂಗಾ,

ಹೇಗಿದ್ದೀಯ? ಕೊರಟಗೆರೆಯಲ್ಲಿ ನಿಮ್ಮಮ್ಮ ಚೆನ್ನಾಗಿದ್ದಾರೆಯೇ? ಇಷ್ಟು ದಿನ ಬರೆಯಲಿಲ್ಲವೆಂದು ಬೈಯಬೇಡ. ಫೋನಿನಲ್ಲಿ ಡಾಕ್ಟರ್ ಕೆಲಸದ ಮಾತೇ ಎತ್ತಬೇಡ ಎಂದು ನೀನು ಹೇಳಿದ ಮೇಲೆ ಏನು ಮಾತಾಡಬೇಕೋ ತೋಚುವುದಿಲ್ಲ. ಕಾಗದವಾದರೆ, ಬೇಡವೆನಿಸಿದ ಕಡೆ ಮಡಿಸಿಡಬಹುದಲ್ಲ.

ಇಲ್ಲಿನ ಪಶು ಆಸ್ಪತ್ರೆಗೆ ಸೇರಿದ್ದೇನೆ. ಕಾಲೇಜಿನಲ್ಲಿ ಏನೇ ಮಾಡಿದರೂ ಬೆನ್ನ ಹಿಂದೆ ಪ್ರೊಫೆಸರ್ ಇರುತ್ತಿದ್ದರು. ಇಲ್ಲಿ ಹಿಂದೆ ತಿರುಗಿದರೆ ಗೋಡೆ. ಬಾಗಿಲಿಗೆ ಬಂದವರೆಲ್ಲ ನನ್ನನ್ನೇ ಕೇಳುತ್ತಾರೆ, "ಡಾಕ್ಟ್ರು ಇಲ್ವೇನಮ್ಮ?"

ಇವತ್ತು ಮಧ್ಯಾಹ್ನ ಪಾಲಪ್ಪ ಎಂಬ ರೈತರು ಬೈಕಿನಲ್ಲಿ ಬಂದು ಕರೆದೊಯ್ದರು. ಅವರ ಹಸು ಕೆಂಪಿ ಬೆಳಗಿನಿಂದ ತಿಣುಕಿ ಸೋತು ಮಲಗಿಬಿಟ್ಟಿತ್ತು. ಕರುವಿನ ಮುಂಗಾಲುಗಳು ಕಾಣುತ್ತಿದ್ದವು, ತಲೆ ಇಲ್ಲ. ಕೈ ಹಾಕಿ ನೋಡಿದರೆ ಕತ್ತು ಹಿಂದಕ್ಕೆ ಹೊರಳಿದೆ.

ಪಕ್ಕದ ಮನೆಯ ಚಿಕ್ಕಹನುಮಯ್ಯ ನನಗೆ ಕೇಳುವಂತೆಯೇ ಹೇಳಿದರು: "ಲೇ ಪಾಲಪ್ಪ, ಕಾಲೇಜ್ ಉಡ್ಗಿ ಕೈಲಿ ಇದೆಲ್ಲ ಆಗಾಕಿಲ್ಲ ಕಣ್ಲಾ. ಸಿರಾದಿಂದ ದೊಡ್ ಡಾಕ್ಟ್ರುನ್ನ ಕರ್ಸು."

ಪಾಲಪ್ಪನ ಹೆಂಡತಿ ಆಂಜಿನಮ್ಮ ಹಸುವಿನ ತಲೆಯ ಬಳಿ ಕೂತಿದ್ದರು. "ಅವ್ರು ಬರೋಗಂಟ ಇದು ಜೀವ ಹಿಡ್ಕಂಡಿರ್ಬೇಕಲ್ಲಣ್ಣ? ನೀನೇ ನೋಡವ್ವಾ, ಹೆಂಗಾದ್ರೂ ಉಳ್ಸು."

ಸಿರಾಕ್ಕೆ ನಾನೂ ಫೋನ್ ಮಾಡಿದೆ. ಹಿರಿಯ ಡಾಕ್ಟರು ಎಲ್ಲೋ ದೂರದ ಹಳ್ಳಿಯಲ್ಲಿದ್ದರು. "ನೀವೇ ಮಾಡಬೇಕಮ್ಮ" ಎಂದು ಇಟ್ಟುಬಿಟ್ಟರು.

ಕರುವಿನ ಮುಂಗಾಲುಗಳಿಗೆ ಹಗ್ಗ ಕಟ್ಟಿ, ಭುಜದವರೆಗೂ ಕೈ ಹಾಕಿದೆ. ಕೆಂಪಿ ತಿಣುಕಿದಾಗಲೆಲ್ಲ ತೋಳು ಜಜ್ಜಿದಂತಾಗಿ ಬೆರಳು ಮರಗಟ್ಟುತ್ತಿತ್ತು. ಕರುವನ್ನು ಒಳಕ್ಕೆ ತಳ್ಳಿ ದವಡೆ ಹಿಡಿದು ತಲೆ ತಿರುಗಿಸಬೇಕು. ಪುಸ್ತಕದಲ್ಲಿ ಅದು ಒಂದೇ ಸಾಲು. ದವಡೆ ಸಿಕ್ಕಿದಂತಾಗಿ ಜಾರುತ್ತಿತ್ತು. ಮತ್ತೆ ಸಿಕ್ಕಿ, ಮತ್ತೆ ಜಾರುತ್ತಿತ್ತು. "ಬುಟ್ಬುಡವ್ವಾ, ಸುಮ್ಕೆ ಯಾಕೆ ಹಿಂಸೆ" ಎನ್ನುವಾಗ ಪಾಲಪ್ಪನ ದನಿ ಒಡೆಯಿತು. ಅಷ್ಟರಲ್ಲಿ ತಲೆ ತಿರುಗಿತು. "ಹಗ್ಗ ಎಳೀರಿ!" ಎಂದು ಕೂಗಿದೆ. ಅದು ನನ್ನ ದನಿಯೆಂದು ನನಗೇ ಅನಿಸಲಿಲ್ಲ.

ಕರು ಬಂತು. ಹೆಣ್ಣು. ಉಸಿರಿರಲಿಲ್ಲ. ಲೋಳೆ ಒರೆಸಿ ಮೂಗಿಗೆ ಹುಲ್ಲುಕಡ್ಡಿ ಹಾಕಿದೆ, ಸೀನಿತು. ಆಂಜಿನಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಅತ್ತರು. ಚಿಕ್ಕಹನುಮಯ್ಯನೇ ನೀರು ತಂದು, "ಕೈ ತೊಳ್ಕಳಿ ಡಾಕ್ಟ್ರಮ್ಮ" ಎಂದರು.

ಈ ಊರಿನಲ್ಲಿ ನನ್ನನ್ನು ಹಾಗೆ ಕರೆದವರು ಅವರೇ ಮೊದಲು. ರೂಮಿಗೆ ಬಂದವಳೇ ನಿನಗೆ ಬರೆಯಲು ಕೂತೆ. ತೋಳು ಎತ್ತಲಾಗುತ್ತಿಲ್ಲ, ಅಕ್ಷರ ಸೊಟ್ಟಗಿದ್ದರೆ ಹೇಗೋ ಓದಿಕೋ.

ಅಮ್ಮನಿಗೆ ನನ್ನ ನಮಸ್ಕಾರ. ನೀನು ಹೊತ್ತಿಗೆ ಸರಿಯಾಗಿ ಉಣ್ಣು, ನೆಮ್ಮದಿಯಾಗಿರು.

ನಿನ್ನ
ಲೋಹಿತಾ

ತಾ.ಕ.: ಬೆಳಗಾಗಿದೆ. ಕೆಂಪಿ ಸತ್ತುಹೋಯಿತು. ಹೋಗಿ ಕೊಯ್ದು ನೋಡಿದರೆ, ಗರ್ಭಕೋಶ ಹರಿದು ಒಳಗೇ ರಕ್ತ ಸುರಿದಿತ್ತು. ನಿನ್ನೆ ನನ್ನ ಬೆರಳಿಗೆ ಅದು ತಿಳಿಯಲೇ ಇಲ್ಲ. ಪಾಲಪ್ಪ ಒಂದು ಮಾತೂ ಬೈಯಲಿಲ್ಲ. ಆಂಜಿನಮ್ಮ ಕರುವನ್ನು ನನ್ನ ಮುಂದೆ ತಂದು, "ಇದುನ್ನಾದ್ರೂ ಉಳಿಸ್ಕೊಡವ್ವಾ" ಎಂದರು. ಕೆಂಪಿಯಿಂದ ನಿನ್ನೆ ಹಿಂಡಿಟ್ಟಿದ್ದ ಗಿಣ್ಣುಹಾಲನ್ನು ಕುಡಿಸಿ ಬಂದೆ. ಸಂಜೆ ಮತ್ತೆ ಹೋಗಬೇಕು.

ತರಬೇತಿಯಲ್ಲಿ ನಿನ್ನ ಕೈಯಲ್ಲಿ ಎಮ್ಮೆ ಸತ್ತ ದಿನ, "ನಿನ್ನ ತಪ್ಪಲ್ಲ, ಬಿಡು" ಎಂದು ನಾನು ಎಷ್ಟು ಸಲೀಸಾಗಿ ಹೇಳಿದ್ದೆ. ನೀನು ಈ ಕೆಲಸವೇ ಬೇಡವೆಂದು ಊರಿಗೆ ಹೊರಟಾಗ ನನಗೆ ಅರ್ಥವಾಗಿರಲಿಲ್ಲ. ಇವತ್ತು ಆ ಮಾತನ್ನು ಬೇರೆ ಯಾರು ಹೇಳಿದರೂ ನಾನು ನಂಬಲಾರೆ. ನೀನು ಹೇಳಿದರೆ ನಂಬುತ್ತೇನೆ ಗಂಗಾ. ನಿನಗೆ ನಿಜವೆನಿಸಿದರೆ ಮಾತ್ರ ಹೇಳು.