ಬೆಳಗಾಗುವಷ್ಟರಲ್ಲಿ ಕೂರುವ ಗಾಡಿ

ಮನೆಯಿಂದ,
ಮಾರ್ಚ್ ೯, ಭಾನುವಾರ, ಊಟವಾದ ಮೇಲೆ

ಪ್ರೀತಿಯ ಚೂಟಿ,

ಹೇಗಿದ್ದೀಯಮ್ಮಾ? ಕೆಮ್ಮು ಕಡಿಮೆಯಾಯಿತೇ? ಹೋದ ಕಾಗದದಲ್ಲಿ ನೀನು ಕೆಮ್ಮಿನ ವಿಷಯ ಒಂದೇ ಸಾಲು ಬರೆದು, ಗಾಳಿಯ ವೇಗದ ಬಗ್ಗೆ ಒಂದು ಪುಟ ತುಂಬಿಸಿದ್ದೆ. ಹವಾಮಾನ ಕೇಂದ್ರದಲ್ಲಿ ಕೆಲಸ ಮಾಡುವವಳಿಗೆ ಗಾಳಿ ದೊಡ್ಡದಿರಬಹುದು, ನನಗೆ ನಿನ್ನ ಗಂಟಲು ದೊಡ್ಡದು. ಆ ದ್ವೀಪದಲ್ಲಿ ಫೋನು ಸಿಗದಿರುವುದು ನಿನ್ನ ಪುಣ್ಯ, ಇಲ್ಲದಿದ್ದರೆ ದಿನಾ ಬೆಳಿಗ್ಗೆ ನಿನಗೆ ಮಂಗಳಾರತಿ ಆಗುತ್ತಿತ್ತು. ಸಾಮಾನಿನ ಹಡಗು ನಾಳೆ ಹೊರಡುತ್ತದಂತೆ. ಈ ಕಾಗದದ ಜೊತೆ ನಿನ್ನಮ್ಮ ಹೆಣೆದ ಮಫ್ಲರ್ ಇದೆ. ಹಾಕಿಕೋ. ಪೆಟ್ಟಿಗೆಯಲ್ಲಿ ಮಡಿಸಿಟ್ಟರೆ ಇಲ್ಲಿ ಕೂತೇ ಅವಳಿಗೆ ಗೊತ್ತಾಗುತ್ತದೆ, ಹೇಗೆ ಅಂತ ಕೇಳಬೇಡ.

ನಾವಿಬ್ಬರೂ ಚೆನ್ನಾಗಿದ್ದೇವೆ. ನನ್ನ ಬಿ.ಪಿ. ಹೇಳಿದ ಮಾತು ಕೇಳುತ್ತಿದೆ. ನಿನ್ನಮ್ಮನ ಸೊಂಟದ ಗಾಯ ಪೂರ್ತಿ ಮಾಗಿದೆ, ಕೋಲು ಹಿಡಿದು ಮನೆಯೊಳಗೆಲ್ಲ ಓಡಾಡುತ್ತಾಳೆ. ಇಷ್ಟು ಕ್ಷೇಮಸಮಾಚಾರ. ಇನ್ನು ಮುಂದಿನದನ್ನು ಕೂತುಕೊಂಡು ಓದು, ಕೈಯಲ್ಲಿ ಬಿಸಿ ಲೋಟ ಇದ್ದರೆ ಕೆಳಗಿಡು. ನಾನು ಗಾಡಿ ತೆಗೆದುಕೊಂಡೆ. ಹಳೆಯದು, ದೊಡ್ಡದು, ಒಂದು ಕಾಲದಲ್ಲಿ ಸಾಹುಕಾರರು ಓಡಾಡುತ್ತಿದ್ದ ಲಕ್ಷುರಿ ಎಸ್‌ಯುವಿ. ಮೂರು ಲಕ್ಷ ಕಿಲೋಮೀಟರಿನ ಹತ್ತಿರ ಹತ್ತಿರ ಓಡಿದೆ. ವಾರಂಟಿ ಇಲ್ಲ. ನೀನು ಬರೆದದ್ದು ನನಗೆ ಬಾಯಿಪಾಠ ಇದೆ: "ಅಪ್ಪಾ, ಏನ್ ಬೇಕಾದ್ರೂ ತಗೋ, ವಾರಂಟಿ ಇಲ್ಲದ ದೊಡ್ಡ ಗಾಡಿ ಮಾತ್ರ ತಗೋಬೇಡ, ಬಿಳಿಯಾನೆ ಸಾಕಿದ ಹಾಗೆ." ಕೆಳಗೆ ಗೆರೆ ಕೂಡ ಎಳೆದಿದ್ದೆ. ನಮ್ಮದು ಬಿಳಿಯಲ್ಲ, ಕಡುನೀಲಿ.

ಕೋಪ ಮಾಡಿಕೊಳ್ಳುವ ಮೊದಲು ಯಾಕೆ ಅಂತ ಕೇಳು. ಕಳೆದ ಸಲ ನೀನು ರಜೆಗೆ ಬಂದಾಗ ಬಂದರಿಗೆ ನಾನೊಬ್ಬನೇ ಬಂದಿದ್ದೆನಲ್ಲ, ಅಮ್ಮನಿಗೆ ಸ್ವಲ್ಪ ನೆಗಡಿ ಅಂದೆನಲ್ಲ, ಅವಳಿಗೆ ನೆಗಡಿ ಇರಲಿಲ್ಲ. ಅದಕ್ಕೆ ಕೆಲವು ದಿನ ಮುಂಚೆ ಡಾಕ್ಟರಿಗೆ ತೋರಿಸಿಕೊಂಡು ಟ್ಯಾಕ್ಸಿಯಲ್ಲಿ ವಾಪಸು ಬಂದಾಗ ಅವಳಿಗೆ ಸೀಟಿನಿಂದ ಏಳಲಾಗಲಿಲ್ಲ. ಸಣ್ಣ ಕಾರು, ತಗ್ಗು ಸೀಟು, ಸೊಂಟ ಒಪ್ಪಲಿಲ್ಲ. ನಾನೂ ಡ್ರೈವರೂ ಕಂಕುಳಿಗೆ ಕೈ ಹಾಕಿ ಎತ್ತಿದೆವು. ಒಂದು ಕಾಲಿನ ಚಪ್ಪಲಿ ಕಳಚಿ ಚರಂಡಿಗೆ ಬಿತ್ತು. ಗ್ರಹಚಾರಕ್ಕೆ ಅದೇ ಹೊತ್ತಿಗೆ ಶಾಲೆ ಬಿಟ್ಟಿತು. ಅವಳು ಅಷ್ಟು ವರ್ಷ ಡ್ರಿಲ್ ಟೀಚರ್ ಆಗಿದ್ದಳಲ್ಲ, ಅದೇ ಶಾಲೆ. ಅವಳ ಸೀಟಿ ಕೇಳಿದರೆ ಮೈದಾನವೆಲ್ಲ ಕಲ್ಲಾಗುತ್ತಿತ್ತು. ಅಂಥವಳು ಬರಿಗಾಲಲ್ಲಿ ಇಬ್ಬರ ಕೈಯಲ್ಲಿ ತೂಗಾಡುವುದನ್ನು ಮಕ್ಕಳು ನಿಂತು ನೋಡಿದರು. ಯಾರೂ ನಗಲಿಲ್ಲ, ಪಾಪ. ನಕ್ಕಿದ್ದರೆ ಇನ್ನೂ ವಾಸಿಯಿತ್ತೇನೋ. ಒಳಗೆ ಬಂದು ಮುಖ ತೊಳೆದುಕೊಂಡು, "ಇನ್ನು ನನ್ನನ್ನ ಎಲ್ಲಿಗೂ ಕರೀಬೇಡಿ" ಅಂದಳು. ಅಲ್ಲಿಂದ ಮುಂದೆ ಡಾಕ್ಟರೇ ಮನೆಗೆ ಬರಬೇಕಾಯಿತು. ಅವಳು ಹೊಸಿಲು ದಾಟಲಿಲ್ಲ. ನಿನಗೆ ಹೇಳಬೇಡಿ ಅಂತ ಆಣೆ ಹಾಕಿಸಿಕೊಂಡಿದ್ದಳು, ಹಾಗಾಗಿ ನೆಗಡಿ.

ಅವತ್ತಿನಿಂದ ನನ್ನ ಜೇಬಿನಲ್ಲಿ ಅಳತೆ ಟೇಪು. ಊಟದ ಮೇಜಿನ ಕುರ್ಚಿಯಿಂದ ಅವಳು ಯಾರ ಹಂಗೂ ಇಲ್ಲದೆ ಏಳುತ್ತಾಳೆ, ಕೂರುತ್ತಾಳೆ. ಆ ಕುರ್ಚಿಯಷ್ಟೇ ಎತ್ತರದ ಸೀಟಿರುವ ಗಾಡಿ ಎಲ್ಲಾದರೂ ಇರಲೇಬೇಕು ಅಂತ ಹುಡುಕಿದೆ. ಸಣ್ಣವೆಲ್ಲ ತಗ್ಗು, ದೊಡ್ಡವೆಲ್ಲ ಏಣಿ ಹಾಕಿ ಹತ್ತುವಂಥವು. ಟೇಪು ನೋಡಿದ ಕೂಡಲೇ ಅಂಗಡಿಯವರು ನನ್ನನ್ನು ಯಾವುದೋ ಇಲಾಖೆಯವನು ಅಂದುಕೊಂಡು ಕುರ್ಚಿ ತಂದು ಹಾಕುತ್ತಿದ್ದರು. ಆ ಕುರ್ಚಿಗಳನ್ನೂ ಅಳೆದೆ, ಅಭ್ಯಾಸಬಲ.

ಕೊನೆಗೆ ಹಳೆ ಗಾಡಿ ಮಾರುವವನೊಬ್ಬನ ಅಂಗಳದ ಮೂಲೆಯಲ್ಲಿ ಇದು ಸಿಕ್ಕಿತು. ಇಷ್ಟು ದೊಡ್ಡ ಗಾಡಿ, ಆದರೆ ಹೊಟ್ಟೆ ಬಿರಿಯೆ ಉಂಡವರ ಹಾಗೆ ನೆಲಕ್ಕೆ ಹತ್ತಿರವಾಗಿ ಕೂತಿತ್ತು. ಬಾಗಿಲು ತೆಗೆದು ಅಳೆದರೆ ಸರಿಯಾಗಿ ನಮ್ಮ ಊಟದ ಕುರ್ಚಿ! ನಿನಗೇ ಗೊತ್ತು, ನಾನು ಕೆಲಸ ಮಾಡಿದ್ದೆಲ್ಲ ಲಿಫ್ಟುಗಳ ಜೊತೆ. ಲಿಫ್ಟು ಬಂದು ನೆಲದ ಮಟ್ಟಕ್ಕೆ ತಗ್ಗಿ ನಿಂತಿತೋ, ಆರೋಗ್ಯವಾಗಿದೆ ಅಂತ ಅರ್ಥ. ಮೇಲೆಯೇ ನಿಂತಿತೋ, ಕಾಯಿಲೆ. ಅದೇ ಕಣ್ಣಿನಿಂದ ಇದನ್ನೂ ನೋಡಿದೆ. ಸ್ಟಾರ್ಟ್ ಮಾಡಿದಾಗ ಅದು ಮೆಲ್ಲಗೆ ಮೇಲೆದ್ದು ನಿಂತಿತು. ಹತ್ತುವವರಿಗೆ ಬಾಗುತ್ತದೆ, ಹೊರಡುವಾಗ ಏಳುತ್ತದೆ, ಎಂಥ ಮರ್ಯಾದಸ್ಥ ಗಾಡಿ ಅಂತ ನಾನೇ ಮಾರುವವನಿಗೆ ವಿವರಿಸಿ ಹೇಳಿದೆ. ಅವನು ಒಂದು ಗಳಿಗೆ ನನ್ನ ಮುಖ ನೋಡಿ, "ಹೌದು ಸಾರ್, ಲಕ್ಷುರಿ ಅಂದ್ರೆ ಹಾಗೇ" ಅಂದ. ಪಾಪ, ಸುಳ್ಳು ಹೇಳುವ ಶ್ರಮವನ್ನೂ ನಾನು ಅವನಿಗೆ ಕೊಡಲಿಲ್ಲ. ವಾರಂಟಿ ಕೇಳಿದ್ದಕ್ಕೆ ಮಾತ್ರ ಪ್ರಾಮಾಣಿಕವಾಗಿ ಉತ್ತರ ಕೊಟ್ಟ: "ಗೇಟು ದಾಟಿದ್ಮೇಲೆ ಗಾಡಿ ನಿಮ್ದು, ಗೋಳೂ ನಿಮ್ದೇ."

ಮಾರನೆಯ ಬೆಳಿಗ್ಗೆ ನೋಡಿದರೆ ಗಾಡಿ ಮನೆ ಮುಂದೆ ಅದೇ ಮರ್ಯಾದೆಯಿಂದ ತಗ್ಗಿ ಕೂತಿತ್ತು. ನಿನ್ನಮ್ಮನ ಕೈಕಾಲು ಹಿಡಿದು, ಬರೀ ಕೂತು ನೋಡು ಸಾಕು, ಬೀದಿ ಕೊನೆಯವರೆಗೆ ಹೋಗಿ ಬರೋಣ ಅಂತ ಒಪ್ಪಿಸಿದೆ. ಅವಳು ಸೀಟನ್ನು ಅಂಗೈಯಲ್ಲಿ ಒತ್ತಿ ನೋಡಿದಳು. ಬೆನ್ನು ತಿರುಗಿಸಿ ಕೂತಳು. ಒಂದು ಕಾಲು, ಆಮೇಲೆ ಇನ್ನೊಂದು ಕಾಲು ಒಳಗೆ ತೆಗೆದುಕೊಂಡಳು. ನಾನು ಅಭ್ಯಾಸದಿಂದ ಕೈ ಚಾಚಿದರೆ, "ಕೈ ಹಿಂದೆ!" ಅಂದಳು, ಮೈದಾನದ ದನಿಯಲ್ಲಿ. ಆ ದನಿ ಕೇಳಿ ಎಷ್ಟು ದಿನ ಆಗಿತ್ತು ಚೂಟಿ. ನಾನು ಬಾನೆಟ್ಟಿನ ಕಡೆ ಹೋಗಿ ಏನೋ ಒರೆಸುವ ಹಾಗೆ ಮಾಡಿ ಕಣ್ಣು ಒರೆಸಿಕೊಂಡೆ.

ಬೀದಿ ಕೊನೆಗಲ್ಲ, ಕೆರೆಯವರೆಗೆ ಹೋಗಿ ಬಂದೆವು. ಅವಳು ಕಿಟಕಿ ಇಳಿಸಿಕೊಂಡು ಹೊಸ ಅಂಗಡಿಗಳ ಬೋರ್ಡುಗಳನ್ನೆಲ್ಲ ಗಟ್ಟಿಯಾಗಿ ಓದಿದಳು. ಮನೆಗೆ ಬಂದು ಬಾಗಿಲು ತೆಗೆದು ನೋಡುತ್ತೇನೆ, ಗಾಡಿ ಮೇಲೆಯೇ ನಿಂತಿದೆ! ಅವಳ ಕಾಲು ಗಾಳಿಯಲ್ಲಿದೆ. ಬಾಗಪ್ಪಾ ಬಾಗು ಅಂತ ಕೈಗೆ ಸಿಕ್ಕ ಗುಂಡಿಯನ್ನೆಲ್ಲ ಒತ್ತಿದೆ. ವೈಪರ್ ಆಡಿತು, ರೇಡಿಯೋ ಹಾಡಿತು, ಅವಳ ಸೀಟು ಬಿಸಿಯಾಯಿತು, ಗಾಡಿ ಮಾತ್ರ ಜಪ್ಪಯ್ಯ ಅನ್ನಲಿಲ್ಲ. ಎತ್ತಿ ಇಳಿಸಲೇ ಅಂತ ಕೇಳುವ ಧೈರ್ಯ ನನಗೆ ಬರಲಿಲ್ಲ. ಅವಳೇ ಕೇಳಿದಳು: "ಇಳಿಸೋ ದಾರಿ ಇದ್ಯಾ, ಇಲ್ಲಾ ಇಲ್ಲೇ ಸಂಸಾರ ಹೂಡ್ಲಾ?" ಮಧ್ಯಾಹ್ನದ ಊಟ ಗಾಡಿಯಲ್ಲೇ ಆಯಿತು. ಎದುರುಮನೆಯ ದರ್ಜಿ ನೋಡಲು ಬಂದವನು ಹಿಂದಿನ ಸೀಟಿನಲ್ಲಿ ಕೂತು, ಚರ್ಮದ ಹೊಲಿಗೆ ಹೊಗಳಿ, ಒಂದು ಕಪ್ ಟೀ ಕುಡಿದು ಹೋದ. ಸಂಜೆ ಬಿಸಿಲು ಇಳಿಯುವ ಹೊತ್ತಿಗೆ ನಿಟ್ಟುಸಿರು ಬಿಟ್ಟ ಹಾಗೆ ಉಸ್ಸೆಂದು ಗಾಡಿ ತಾನಾಗಿ ತಗ್ಗಿತು. ಅವಳು ಎರಡೂ ಪಾದ ನೆಲಕ್ಕೆ ಊರಿ, ಕೋಲು ತೆಗೆದುಕೊಂಡು, ಏನೂ ಆಗದವಳ ಹಾಗೆ ಒಳಗೆ ಹೋದಳು.

ಗ್ಯಾರೇಜಿನವನಿಗೆ ಈ ಕಥೆ ಹೇಳಿದಾಗ ಅವನು ಹೊಟ್ಟೆ ಹುಣ್ಣಾಗುವಷ್ಟು ನಕ್ಕ. ಈ ಗಾಡಿ ನಿಂತಿರುವುದು ಸ್ಪ್ರಿಂಗಿನ ಮೇಲಲ್ಲವಂತೆ, ಗಾಳಿ ತುಂಬಿದ ಚೀಲಗಳ ಮೇಲೆ. ಚೀಲ ಹಳತಾಗಿ ಸೋರುತ್ತಿವೆ. ನಿಲ್ಲಿಸಿದ ಮೇಲೆ ಗಾಳಿ ಮೆಲ್ಲಗೆ ಹೋಗಿ ಗಾಡಿ ನೆಲ ಕಚ್ಚುತ್ತದೆ, ಸ್ಟಾರ್ಟ್ ಮಾಡಿದರೆ ಪಂಪು ಮತ್ತೆ ಊದಿ ಎಬ್ಬಿಸುತ್ತದೆ. ನಾನು ಮರ್ಯಾದೆ ಅಂದುಕೊಂಡದ್ದು ಪಂಕ್ಚರು. ಚೀಲ ಬದಲಾಯಿಸುವ ಖರ್ಚು ಕೇಳಿ ನಾನು ಅಲ್ಲೇ ಇದ್ದ ಟೈರಿನ ಮೇಲೆ ಕೂತೆ. ಮನೆಗೆ ಬಂದು ತಲೆ ಕೆರೆದುಕೊಳ್ಳುತ್ತಾ ಎಲ್ಲ ಹೇಳಿದೆ. ನಿನ್ನಮ್ಮ ಕೇಳಿದ್ದು ಒಂದೇ: "ರಿಪೇರಿ ಮಾಡಿಸಿದ್ರೆ ಹೀಗೆ ತಗ್ಗುತ್ತಾ?" ಒಂದು ಗುಂಡಿ ಇದೆಯಂತೆ, ಈಗ ಅದೂ ಸತ್ತಿದೆ, ರಿಪೇರಿಯಾದ ಮೇಲೆ ಒತ್ತಿದರೆ ಸ್ವಲ್ಪ ಬಾಗುತ್ತದಂತೆ, ಆದರೆ ಇಷ್ಟು ಪೂರ್ತಿ ಕೂರುವುದು ಕೆಟ್ಟಿದ್ದರೆ ಮಾತ್ರ ಅಂದೆ. "ಹಾಗಾದ್ರೆ ಕೆಟ್ಟೇ ಇರ್ಲಿ. ಮುಟ್ಬೇಡಿ" ಅಂದು ಹೆಣಿಗೆ ಮುಂದುವರಿಸಿದಳು.

ಆಮೇಲೆ ನಮ್ಮ ಓಡಾಟದ ರೀತಿಯೇ ಬದಲಾಗಿದೆ. ಬೇರೆಯವರು ಗಾಡಿ ನಿಲ್ಲಿಸಿ ಇಳಿಯುತ್ತಾರೆ. ನಾವು ಗಾಡಿ ನಿಲ್ಲಿಸಿ, ಅದು ಇಳಿಯಲಿ ಅಂತ ಕಾಯುತ್ತೇವೆ. ಬೆಳಿಗ್ಗೆ ಹೊರಟು ಮಾರುಕಟ್ಟೆಯ ಹತ್ತಿರವೋ ಕೆರೆ ದಂಡೆಯಲ್ಲೋ ನಿಲ್ಲಿಸುವುದು, ಬುತ್ತಿ ಬಿಚ್ಚುವುದು, ಪೇಪರು ಓದುವುದು, ಜಗಳ ಆಡುವುದು, ರಾಜಿಯಾಗುವುದು. ಇಷ್ಟೆಲ್ಲ ಆಗುವ ಹೊತ್ತಿಗೆ ಗಾಡಿ ತಗ್ಗಿರುತ್ತದೆ. ಮನೆಗೆ ಬಂದ ಮೇಲೂ ಅದೇ ಕಥೆ, ಊಟದ ಡಬ್ಬಿ ಹೊರಗೆ ತರುತ್ತೇನೆ. ಚಳಿ ಇದ್ದ ದಿನ ಬೇಗ ತಗ್ಗುತ್ತದೆ, ಸೆಖೆ ಇದ್ದರೆ ಸತಾಯಿಸುತ್ತದೆ. ಅವಳ ಹಳೆಯ ಸೀಟಿ ಈಗ ಡ್ಯಾಶ್‌ಬೋರ್ಡಿನ ಮೇಲಿದೆ. ನಾನು ಯಾವುದಾದರೂ ಅಂಗಡಿಯಲ್ಲಿ ಹರಟುತ್ತಾ ನಿಂತರೆ ಒಂದು ಸಲ ಊದುತ್ತಾಳೆ, ನನ್ನ ಜೊತೆ ಇನ್ನೂ ನಾಲ್ಕು ಜನ ತಿರುಗುತ್ತಾರೆ. ಎಲ್ಲ ಅವಳ ಹಳೆಯ ವಿದ್ಯಾರ್ಥಿಗಳು, ತಲೆ ನರೆತವರು. ಕಿಟಕಿಯ ಹತ್ತಿರ ಬಂದು ನೆಟ್ಟಗೆ ನಿಂತು ಮಾತಾಡಿಸುತ್ತಾರೆ. ಗಾಡಿಯಲ್ಲಿ ಒಂದು ಹಳದಿ ಎಚ್ಚರಿಕೆ ದೀಪ ಸದಾ ಉರಿಯುತ್ತಿರುತ್ತದೆ, ಕಣ್ಣಿಗೆ ಚುಚ್ಚುತ್ತೆ ಅಂತ ಅದರ ಮೇಲೆ ಅವಳೇ ಅಂಟುಪಟ್ಟಿ ಹಚ್ಚಿದ್ದಾಳೆ. ಪೆಟ್ರೋಲನ್ನಂತೂ ಕೇಳಬೇಡ, ಮನೆಗೆ ಮೂರನೆಯವರೊಬ್ಬರು ಬಂದ ಹಾಗಾಗಿದೆ.

ಒಂದೇ ಚಿಂತೆ. ದಿನಾ ಊದಿ ಊದಿ ಪಂಪು ಯಾವತ್ತಾದರೂ ಕೈ ಕೊಡುತ್ತದೆ, ಅವತ್ತು ಗಾಡಿ ಕೂತಲ್ಲಿಂದ ಏಳುವುದಿಲ್ಲ ಅಂತ ಗ್ಯಾರೇಜಿನವನು ಎಚ್ಚರಿಸಿದ್ದಾನೆ. "ಇವತ್ತೋ, ಬರೋ ವರ್ಷವೋ, ಹೇಳಕ್ಕಾಗಲ್ಲ ಯಜಮಾನ್ರೇ" ಅಂದ. ನಾನು ಸದ್ಯಕ್ಕೆ ದಿನಾ ಬೆಳಿಗ್ಗೆ ಪಂಪಿನ ಸದ್ದನ್ನು ಕಿವಿಗೊಟ್ಟು ಕೇಳುತ್ತೇನೆ. ನಿನ್ನ ಕೆಮ್ಮಿನ ಹಾಗೆಯೇ ಅದೂ ನನಗೆ ಒಂದು ಕಳವಳ. ಈಗ ನೀನು ಬೈಯಬಹುದು. ಪೂರ್ತಿ ಪುಟ ಬೈ, ಎರಡು ಗೆರೆ ಎಳೆ, ನಾನು ಕಾದಿಟ್ಟುಕೊಂಡು ಓದುತ್ತೇನೆ. ನೀನು ಇಲ್ಲದ ಮನೆಯಲ್ಲಿ ನಿನ್ನ ಬೈಗುಳವೂ ಬೇಕೆನಿಸುತ್ತದೆ.

ಹೊತ್ತಿಗೆ ಸರಿಯಾಗಿ ತಿನ್ನು, ತಲೆ ಒಣಗಿಸಿಕೊಂಡು ಹೊರಗೆ ಹೋಗು. ನಿನ್ನ ಜೊತೆಗಿರುವ ಇನ್ನಿಬ್ಬರಿಗೂ ನಮ್ಮ ನೆನಪು ಹೇಳು. ನಿನ್ನ ಕಡೆ ಗಾಳಿ ಸದಾ ಮೆಲ್ಲಗೆ ಬೀಸಲಿ ಅಂತ ಹಾರೈಸುತ್ತೇವೆ, ನಿನ್ನ ಕೆಲಸಕ್ಕೆ ಅದರಿಂದ ಬೇಜಾರಾದರೂ ಚಿಂತೆಯಿಲ್ಲ.

ನಿನ್ನ ಪ್ರೀತಿಯ
ಅಪ್ಪ

ವಿ.ಸೂ.: ಲಕೋಟೆ ಅಂಟಿಸುವ ಮುಂಚೆ ಗಡಿಬಿಡಿಯಲ್ಲಿ ಇದೊಂದು. ಅವಳು ಹಿತ್ತಿಲಲ್ಲಿದ್ದಾಳೆ, ಗೊತ್ತಾದರೆ ನನ್ನ ಕಥೆ ಮುಗಿಯಿತು. ಮುಂದಿನ ತಿಂಗಳು ನೀನು ಬರುವ ಹಡಗು ಬೆಳಗಿನ ಜಾವ ದಡ ಸೇರುತ್ತದಲ್ಲ, ನಾವು ಹಿಂದಿನ ಸಂಜೆಯೇ ಬಂದರಿಗೆ ಹೋಗಿ ಗಾಡಿ ನಿಲ್ಲಿಸಿ ಅದರಲ್ಲೇ ಮಲಗುತ್ತೇವೆ. ಬೆಳಗಾಗುವಷ್ಟರಲ್ಲಿ ಅದು ಪೂರ್ತಿ ತಗ್ಗಿರುತ್ತದೆ. ಅವಳು ತಾನೇ ಇಳಿದು ನಿನ್ನ ಕಡೆ ನಡೆದು ಬರುತ್ತಾಳೆ. ಅದಕ್ಕೋಸ್ಕರ ಒಂದು ತಿಂಗಳಿಂದ ನಾನು ಮನೆಯಲ್ಲಿಲ್ಲದಾಗ ನಡುಮನೆಯಲ್ಲಿ ಎಡ-ಬಲ, ಎಡ-ಬಲ ಅಂತ ತನಗೆ ತಾನೇ ಹೇಳಿಕೊಂಡು, ಕೋಲು ಬಿಟ್ಟು ನಡೆಯುತ್ತಿದ್ದಾಳೆ. ಕಿಟಕಿಯಿಂದ ನೋಡಿದೆ. ಗಾಡಿ ಕೆಟ್ಟೇ ಇರಲಿ ಅಂದದ್ದು ಯಾಕೆ ಅಂತ ನನಗೆ ಆಗ ತಿಳಿಯಿತು. ನೀನು ಹಡಗಿನಿಂದ ಇಳಿದ ಕೂಡಲೇ ಅಮ್ಮಾ ಅಂತ ಓಡಿ ಬಂದು ಅವಳ ಕೈ ಹಿಡಿಯಬೇಡ ಚೂಟಿ. ನಿನಗೆ ಕಷ್ಟವಾಗುತ್ತದೆ, ನನಗೂ ಆಗುತ್ತದೆ. ಆದರೂ ನಿಂತಲ್ಲೇ ನಿಂತಿರು, ಕೈ ಹಿಂದೆ ಕಟ್ಟಿಕೊಂಡು. ಅವಳೇ ಬರಲಿ.