ಇನ್ನೊಬ್ಬರು ಬಿಚ್ಚಿದ ರೇಡಿಯೋ

ಮನೆಯಿಂದ,
ಇಪ್ಪತ್ತನೇ ತಾರೀಖು, ಮಧ್ಯಾಹ್ನ

ಪ್ರೀತಿಯ ಪುಟ್ಟಿ,

ಹೇಗಿದ್ದೀಯೇ? ಮಗು ರಾತ್ರಿ ಮಲಗುತ್ತಾನೋ, ಇಲ್ಲ ನಿನ್ನ ಹಾಗೆ ಬೀದಿಯನ್ನೆಲ್ಲ ಎಬ್ಬಿಸುತ್ತಾನೋ? ಹೊತ್ತು ಹೊತ್ತಿಗೆ ಊಟ ಮಾಡು, ಸೊಂಟ ಜೋಪಾನ. ನಾನು ಗುಂಡುಕಲ್ಲಿನ ಹಾಗಿದ್ದೇನೆ. ನಿನ್ನಪ್ಪನ ವಿಷಯವನ್ನು ಮಾತ್ರ ಫೋನಿನಲ್ಲಿ ಹೇಳಲಾಗದೆ ಕಾಗದ ಹಿಡಿದಿದ್ದೇನೆ. ಫೋನ್ ಮಾಡಿದರೆ ಪಕ್ಕದಲ್ಲೇ ಕಿವಿ ನೆಟ್ಟು ಕೂತಿರುತ್ತಾರೆ.

ಅವರ ಗಂಟಲಿನ ಕರಕರ ಶೀತದ್ದಲ್ಲ ಕಣೇ, ಕ್ಯಾನ್ಸರ್. ನೀನು ಬಸುರಿ ಅಂತ ನನ್ನ ಬಾಯಿಗೆ ಬೀಗ ಹಾಕಿಸಿದ್ದರು. ನಾಲ್ಕು ತಿಂಗಳ ಹಿಂದೆ ಡಾಕ್ಟರಮ್ಮ, ಧ್ವನಿಪೆಟ್ಟಿಗೆ ತೆಗೆದುಬಿಡುವುದೇ ಕ್ಷೇಮ ಎಂದರು. ನಮ್ಮ ಮುಖ ನೋಡಿ, "ಬೇಕಿದ್ರೆ ಬೇರೆಯವರ ಹತ್ರಾನೂ ತೋರಿಸಿ" ಎಂದೂ ಸೇರಿಸಿದರು. ಎಷ್ಟು ಒಳ್ಳೆಯ ಮಾತು! ನಿನ್ನಪ್ಪನಿಗೆ ಅದು ಕೇಳಿಸಿದ್ದೇ ಬೇರೆ ಥರ. ತಮ್ಮ ರೇಡಿಯೋ ರಿಪೇರಿ ಅಂಗಡಿಯಲ್ಲಿ ಗಿರಾಕಿ ಕೊಸರಾಡಿದರೆ ಅವರೂ "ಬೇರೆಯವರ ಹತ್ರ ತೋರಿಸಿ" ಅನ್ನುತ್ತಿದ್ದರಲ್ಲ, ಅಂದರೆ ಇನ್ನು ಈ ಮೆಟ್ಟಿಲು ಹತ್ತಬೇಡ ಅಂತ. ಇನ್ನೊಬ್ಬರು ಬಿಚ್ಚಿದ ರೇಡಿಯೋವನ್ನು ಮುಟ್ಟುತ್ತಲೂ ಇರಲಿಲ್ಲ. ಡಾಕ್ಟರುಗಳೂ ಹೀಗೇ, ಇನ್ನೊಬ್ಬರನ್ನು ಕೇಳಿದರೆ ಡಾಕ್ಟರಮ್ಮನಿಗೆ ಸಿಟ್ಟು, ಆ ಇನ್ನೊಬ್ಬರೂ ಮುಟ್ಟುವುದಿಲ್ಲ ಎಂದುಕೊಂಡು ಎರಡೂ ಕಡೆ ಹೋಗದೆ ಮನೆಯಲ್ಲೇ ಕೂತರು. ನಾನೂ ನಂಬಿದೆ, ಪುಟ್ಟಿ. ಅಂಗಡಿಯ ಆ ಕಟ್ಟುನಿಟ್ಟಿಗೆ ಹೆಮ್ಮೆಪಡುತ್ತಾ ಬಂದವಳಲ್ಲವೇ ನಾನು!

ಉಸಿರಾಟಕ್ಕೂ ತೊಂದರೆಯಾದಾಗ ನಿನ್ನ ಚಿಕ್ಕಪ್ಪ ದರದರ ಎಳೆದುಕೊಂಡೇ ಇನ್ನೊಂದು ಆಸ್ಪತ್ರೆಗೆ ಹೋದ. ಅಲ್ಲಿನ ದೊಡ್ಡ ಡಾಕ್ಟರು ಹಳೆಯ ರಿಪೋರ್ಟು ನೋಡಿ ಮುಖ ಗಂಟಿಕ್ಕಲಿಲ್ಲ. ನಮ್ಮೆದುರೇ ಡಾಕ್ಟರಮ್ಮನಿಗೆ ಫೋನ್ ಮಾಡಿ ನಗುನಗುತ್ತಾ ಮಾತಾಡಿದರು. ನಿನ್ನಪ್ಪ ಕಣ್ಣು ಕಣ್ಣು ಬಿಟ್ಟರು. ಆಮೇಲೆ ಮೆತ್ತಗೆ ಹೇಳಿದರು ಡಾಕ್ಟರು: ಆಗಲೇ ಬಂದಿದ್ದರೆ ರೇಡಿಯೇಷನ್ ಕೊಟ್ಟು ಧ್ವನಿ ಉಳಿಸಿ ನೋಡಬಹುದಿತ್ತು, ಈಗ ಗಡ್ಡೆ ಹಬ್ಬಿದೆ, ಆಪರೇಷನ್ನೇ ಗತಿ, ಜೀವಕ್ಕೆ ಹೆದರಬೇಡಿ. ಹೊರಗೆ ಬೆಂಚಿನ ಮೇಲೆ ಕೂತು ನಿನ್ನಪ್ಪ, "ಒಂದ್ಸಲ ಕೇಳೋಕೆ ನಂಗೇನಾಗಿತ್ತು ದಾಡಿ?" ಎಂದರು. ಚೆನ್ನಾಗಿ ಬೈಯೋಣ ಅಂದುಕೊಂಡೆ, ಆದರೆ ನಾನಾದರೂ ಜಗಳವಾಡಿ ಹೊರಡಿಸಬಾರದಿತ್ತೇ? ಮನೆಯಲ್ಲಿ ಉಪ್ಪು ಹೆಚ್ಚಾಯಿತು ಎಂಬುದಕ್ಕೆಲ್ಲ ಜಗಳವಾಡುತ್ತೇನೆ, ಇದಕ್ಕೆ ಆಡಲಿಲ್ಲ.

ನೀನು ಗಾಬರಿಬಿದ್ದು ಓಡಿಬರಬೇಡ, ಕೈಯಲ್ಲಿ ಹಸುಗೂಸು. ಚಿಕ್ಕಪ್ಪ ಜೊತೆಗಿದ್ದಾನೆ. ಅಳಿಯಂದಿರನ್ನು ಕೇಳಿದೆ ಎಂದು ಹೇಳು. ಮಗುವಿನ ಎರಡೂ ಕೆನ್ನೆಗೆ ಮುತ್ತು. ನೂರು ವರ್ಷ ತಣ್ಣಗೆ ಬಾಳಿ.

ನಿನ್ನ
ಅಮ್ಮ

ಬರೆಯಲು ಮರೆತೆ: ಆಪರೇಷನ್ ಮುಂದಿನ ತಿಂಗಳ ಮೊದಲ ಸೋಮವಾರ. ಈ ಕಾಗದ ಕೈಗೆ ಬಂದ ದಿನವೇ ಫೋನ್ ಮಾಡು. ಕಾಯಿಲೆಯ ಮಾತೆತ್ತಬೇಡ. ಫೋನನ್ನು ಮಗುವಿನ ಕಿವಿಗೆ ಹಿಡಿದು ಸುಮ್ಮನಿರು. ನಿನ್ನಪ್ಪ ಎರಡು ದಿನದಿಂದ ಬಚ್ಚಲಮನೆ ಬಾಗಿಲು ಹಾಕಿಕೊಂಡು, ಮಗು ಬೆಚ್ಚದ ಹಾಗೆ ಸಣ್ಣ ದನಿ ಮಾಡಿ, "ಬಂಗಾರಾ, ನಾನು ಕಣೋ, ತಾತ" ಅಂತ ಅಭ್ಯಾಸ ಮಾಡುತ್ತಿದ್ದಾರೆ.