ಅಪ್ಪನ ಎಡಗಾಲು

ಮನೆಯಿಂದ,
ಜೂನ್ ೧೪, ಶನಿವಾರ ಬೆಳಗ್ಗೆ

ಪ್ರೀತಿಯ ಮಗಳೇ,

ಹೇಗಿದ್ದೀಯ? ಕೆಮ್ಮು ಬಿಟ್ಟಿತೇ? ಅಳಿಯಂದಿರು ಹೊತ್ತಿಗೆ ಸರಿಯಾಗಿ ಉಣ್ಣುತ್ತಾರೆಯೇ? ನಾನು ಎರಡು ದಿಂಬಿನ ಮೇಲೆ ಕಾಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಗಾಬರಿಯಾಗಬೇಡ, ಆಗುವುದೆಲ್ಲ ಆಗಿ ಮುಗಿದಿದೆ.

ಹೋದ ವಾರ ಮಂಗಳವಾರ ಅಂಗಡಿಯಲ್ಲಿ ಬಸ್ ಕಂಡಕ್ಟರರಿಗೆ ಕ್ಷೌರ ಮಾಡುತ್ತಿದ್ದೆ. ಅರ್ಧ ಗಡ್ಡ ಇಳಿದಿತ್ತು. ಎಡಗಾಲಿನ ಹರಡಿನ ಹತ್ತಿರ ನವೆ ತಡೆಯಲಾಗದೆ ಬಲಗಾಲಿನ ಚಪ್ಪಲಿಯಿಂದ ಒಮ್ಮೆ ಉಜ್ಜಿದೆ, ಅಷ್ಟೇ. ಪಾದ ಬೆಚ್ಚಗಾಯಿತು. ನೀರು ಚೆಲ್ಲಿತೇನೋ ಎಂದುಕೊಂಡೆ. ಅಷ್ಟರಲ್ಲಿ ನೆಲದ ಮೇಲಿನ ರಕ್ತ ಕಂಡ ಕಂಡಕ್ಟರರು ಎರಡೂ ಕೈಯಿಂದ ತಮ್ಮ ಕುತ್ತಿಗೆ ಹಿಡಿದುಕೊಂಡು, "ಕುಯ್ದೇಬಿಟ್ರಲ್ಲಪ್ಪಾ!" ಎಂದು ಕಿರುಚಿದರು.

ಚಿಮ್ಮುತ್ತಿದ್ದದ್ದು ನನ್ನ ಕಾಲಿನಿಂದ. ಹರಡಿನ ಮೇಲೆ ವರ್ಷಗಳಿಂದ ಉಬ್ಬಿಕೊಂಡಿದ್ದ ಆ ನರ ಒಡೆದಿತ್ತು. ನೋವೇ ಇಲ್ಲ, ಅದೇ ಹೆದರಿಕೆ. ಕಣ್ಣು ಕತ್ತಲೆ ಬಂತು. ಪುಣ್ಯಾತ್ಮ, ಮುಖದ ನೊರೆಯನ್ನೂ ಒರೆಸಿಕೊಳ್ಳದೆ ನನ್ನನ್ನು ನೆಲಕ್ಕೆ ಮಲಗಿಸಿ, ಕಾಲನ್ನು ಕುರ್ಚಿಯ ಮೇಲೆತ್ತಿ, ಟವೆಲ್ ಮಡಿಸಿ ಅದುಮಿ ಹಿಡಿದರು. ಅದು ನೆನೆದ ಮೇಲೆ ಅದರ ಮೇಲೇ ಇನ್ನೊಂದು. "ಏಳ್ಬೇಡಿ, ಎದ್ರೆ ಮತ್ತೆ ಸುರಿಯುತ್ತೆ" ಎಂದು ಗದರಿದರು. ಆಂಬುಲೆನ್ಸ್ ಬರುವವರೆಗೆ ಕೈ ತೆಗೆಯಲಿಲ್ಲ. ಅರ್ಧ ಗಡ್ಡದಲ್ಲೇ ಡ್ಯೂಟಿಗೆ ಹೋದರಂತೆ.

ನಿನ್ನಮ್ಮ ಹತ್ತು ವರ್ಷದಿಂದ ತೋರಿಸಿ, ತೋರಿಸಿ ಎನ್ನುತ್ತಿದ್ದಳು. ನಾನು "ನಿಂತು ದುಡಿಯೋರ ಕಾಲು ಹೀಗೇ ಇರುತ್ತೆ" ಎಂದು ಪ್ಯಾಂಟು ಇಳಿಬಿಟ್ಟು ಕಾಲು ಮುಚ್ಚಿಕೊಳ್ಳುತ್ತಿದ್ದೆ. ಆಸ್ಪತ್ರೆಯಲ್ಲಿ ಅವಳು ರಕ್ತವಾದ ನನ್ನ ಚಪ್ಪಲಿ ತೊಳೆದು ತಂದು ಮಂಚದ ಕೆಳಗಿಟ್ಟಳು. ಬೈದಿದ್ದರೆ ವಾಸಿಯಿತ್ತು.

ಡಾಕ್ಟರಮ್ಮ ಸ್ಕ್ಯಾನ್ ಮಾಡಿ ತೋರಿಸಿದರು. ರಕ್ತ ಮೇಲಕ್ಕೆ ಹತ್ತಬೇಕಂತೆ, ನರದೊಳಗಿನ ಪುಟ್ಟ ಬಾಗಿಲುಗಳು ಕೆಟ್ಟು ಅದು ಕೆಳಗೇ ನಿಂತು ನರ ಉಬ್ಬಿದೆಯಂತೆ. ಮೊನ್ನೆ ಗುರುವಾರ ಕಾಲು ಮರಗಟ್ಟಿಸಿ ಲೇಸರಿನಿಂದ ಆ ನರ ಮುಚ್ಚಿದರು. ಸೂಜಿ ಕಂಡರೆ ಬೆವರುವ ನಾನು ನಿನ್ನಮ್ಮನ ಕೈ ಹಿಂಡಿ ನೀಲಿ ಮಾಡಿಬಿಟ್ಟೆ. ಸಂಜೆ ನಡೆದೇ ಮನೆಗೆ ಬಂದೆ. ಇನ್ನು ಬಿಗಿ ಕಾಲುಚೀಲ ಹಾಕಬೇಕು, ದಿನಾ ನಡೆಯಬೇಕು, ಒಂದೇ ಕಡೆ ಕಂಬದ ಹಾಗೆ ನಿಲ್ಲಬಾರದು.

ಅಳಿಯಂದಿರಿಗೆ ನಮ್ಮ ನೆನಪು ಹೇಳು. ತಣ್ಣಗೆ ಬಾಳು ಮಗಳೇ.

ನಿನ್ನ
ಅಪ್ಪ

ಮರೆತೆ. ಅಲ್ಲ, ಮರೆತಿರಲಿಲ್ಲ, ಬರೆಯಲು ಧೈರ್ಯವಾಗಲಿಲ್ಲ. ಇದು ಮನೆತನದಲ್ಲಿ ಇಳಿದು ಬರಬಹುದು ಎಂದರು ಡಾಕ್ಟರಮ್ಮ. ಹೋದ ಸಲ ಬಂದಾಗ ನೀನು ಮೊಣಕಾಲಿನ ಹಿಂದಿನ ನೀಲಿ ಗಂಟು ತೋರಿಸಿ, "ಇದೇನಪ್ಪಾ?" ಎಂದಿದ್ದೆ. ಬಟ್ಟೆ ಅಂಗಡಿಯಲ್ಲಿ ಇಡೀ ದಿನ ನಿಲ್ಲುವವಳು ನೀನು. ಆದರೂ "ಏನಿಲ್ಲ ಬಿಡು" ಎಂದೆ. ನನ್ನದೂ ಹಾಗೇ ಶುರುವಾದದ್ದು, ಅಂದೇ ನನಗೆ ಗೊತ್ತಾಗಿತ್ತು. ಈ ಕಾಗದ ಸಿಕ್ಕ ಮರುದಿನವೇ ರಜೆ ಹಾಕಿ ಡಾಕ್ಟರಿಗೆ ತೋರಿಸು. ನನ್ನನ್ನು ಬೈಯುವುದಿದ್ದರೆ ಆಮೇಲೆ ಬೈದು ಬರೆ.